ರೆಫರಿ ಹೃದಯ ಸೀಳಿ ನೋಡುವುದಿಲ್ಲ

ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡಿ ಬಂದ ಮಗಳು ಮುಖ ಊದಿಸಿಕೊಂಡು ಹೇಳುತ್ತಾಳೆ: “ಉಮ್ಮಾ, ನಾನು ಬೇಕೆಂದು ತಳ್ಳಲಿಲ್ಲ. ಆದರೂ ರೆಫರಿ ಫೌಲ್ ಕೊಟ್ಟರು.”

ಅವಳ ದೂರಿನಲ್ಲೊಂದು ಒಳ್ಳೆಯ ಪ್ರಶ್ನೆಯಿದೆ. ಮನಸ್ಸಿನೊಳಗಿನ ಉದ್ದೇಶ ರೆಫರಿಗೆ ತಿಳಿಯುವುದಾದರೂ ಹೇಗೆ?

ಈ ಪ್ರಶ್ನೆಗೆ ಆಟದಷ್ಟೇ ವಯಸ್ಸಾಗಿದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ಈ ಆಟವನ್ನು ರೂಪಿಸಿ 13 ನಿಯಮಗಳನ್ನು ಬರೆದರು. ಹಿಡಿಯುವುದು, ತಳ್ಳುವುದು, ಕಾಲು ಅಡ್ಡ ಕೊಡುವುದು ಐದನೆಯ ನಿಯಮದಲ್ಲೇ ನಿಷಿದ್ಧವಾಗಿತ್ತು. ಮೊದಲ ಸಲ ಮಾಡಿದರೆ ಫೌಲ್. ಎರಡನೆಯ ಸಲ ಮಾಡಿದರೆ ಮುಂದಿನ ಗೋಲಿನವರೆಗೆ ಹೊರಗೆ. ಗಾಯಗೊಳಿಸುವ ಉದ್ದೇಶ ಸ್ಪಷ್ಟವಾಗಿ ಕಂಡರೆ ಇಡೀ ಆಟದಿಂದಲೇ ಹೊರಗೆ.

ಇಂದು ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮಗಳಂತೆ, ನಿಯಮ ಮೀರಿ ಎದುರಾಳಿಯ ಮೈಗೆ ತಾಗಿ ಅವಳ ಆಟಕ್ಕೆ ಅಡ್ಡಿಯಾದರೆ ಅದು ಫೌಲ್. ಬೇಕೆಂದು ಮಾಡಿದ್ದೋ, ಆಕಸ್ಮಿಕವೋ ಎಂಬ ವಿಚಾರಣೆಯಿಲ್ಲ. ಇಂತಹ ಐದು ಫೌಲ್‌ಗಳಾದರೆ ಆಟಗಾರ್ತಿ ಅಂಗಳ ಬಿಡಬೇಕು.

ಇದಕ್ಕಿಂತ ಗಂಭೀರವಾದದ್ದು ಕ್ರೀಡಾ ಮನೋಭಾವಕ್ಕೆ ವಿರುದ್ಧವಾದ ಫೌಲ್. ಇಲ್ಲಿಯೂ ರೆಫರಿ ಮನಸ್ಸನ್ನು ಓದುವುದಿಲ್ಲ, ಮೈಯನ್ನು ಓದುತ್ತಾರೆ. ಕೈ ಚೆಂಡಿನ ಕಡೆಗೆ ಹೋಯಿತೇ, ಆಟಗಾರ್ತಿಯ ಕಡೆಗೇ? ತಾಗಿದ್ದು ಅಗತ್ಯಕ್ಕಿಂತ ಬಿರುಸಾಗಿತ್ತೇ? ಬುಟ್ಟಿಯ ಕಡೆಗೆ ತಡೆಯಿಲ್ಲದೆ ಓಡುತ್ತಿದ್ದವಳನ್ನು ಹಿಂದಿನಿಂದ ಎಳೆದದ್ದೇ? ಹೌದಾದರೆ ಎದುರಾಳಿಗೆ ಫ್ರೀ ಥ್ರೋ ಸಿಗುತ್ತದೆ, ಮೇಲಾಗಿ ಚೆಂಡೂ ಅವರದೇ. ಇಂತಹ ಎರಡು ಫೌಲ್ ಮಾಡಿದವಳು ಆ ಪಂದ್ಯದಿಂದ ಹೊರಗೆ. “ನನಗೆ ಆ ಉದ್ದೇಶವಿರಲಿಲ್ಲ” ಎಂಬ ಮಾತು ತೀರ್ಪನ್ನು ಬದಲಿಸದು. ಹಾಗೆಯೇ, ಅವಳು ಹಿಂದೆ ಜಗಳಗಂಟಿಯಾಗಿದ್ದಳೆಂಬ ಗುಮಾನಿಯೂ ತೀರ್ಪಿಗೆ ಆಧಾರವಾಗಬಾರದು.

ಕರ್ಮಗಳ ಬೆಲೆ ನಿಯ್ಯತ್ತಿನಲ್ಲಿದೆ ಎಂಬುದು ನಮಗೆ ಬಾಲ್ಯದಿಂದಲೇ ತಿಳಿದ ಪಾಠ. ಆದರೆ ಆ ನಿಯ್ಯತ್ತನ್ನು ಬಲ್ಲವನು ಅಲ್ಲಾಹನು ಮಾತ್ರ. ಯುದ್ಧರಂಗದಲ್ಲಿ ಕಲಿಮಾ ಹೇಳಿದವನನ್ನು, ಭಯದಿಂದ ಹೇಳಿದನೆಂದು ಭಾವಿಸಿ ಹಝ್ರತ್ ಉಸಾಮಾ(ರ) ಕೊಂದಾಗ, ಪ್ರವಾದಿ(ಸ) ತೀವ್ರವಾಗಿ ನೊಂದರು. ಅವನ ಹೃದಯ ಸೀಳಿ ನೋಡಿದ್ದೆಯಾ ಎಂದು ಕೇಳಿದರು.

ಮನೆಯೊಳಗೆ ನಾವೂ ದಿನವಿಡೀ ಸೀಟಿ ಊದುವವರೇ. ಮಗುವಿನ ಕೈಯಿಂದ ಲೋಟ ಜಾರಿದರೆ “ಬೇಕೆಂದೇ ಬೀಳಿಸಿದೆ” ಎನ್ನುತ್ತೇವೆ. ಸೊಸೆ ಒಂದು ದಿನ ಫೋನ್ ಮಾಡದಿದ್ದರೆ ಅಹಂಕಾರವೆನ್ನುತ್ತೇವೆ. ಅತ್ತೆ ಸುಮ್ಮನಿದ್ದರೆ ಮುನಿಸೆನ್ನುತ್ತೇವೆ. ಲೋಟ ಒಡೆದದ್ದು ನಿಜ, ಚೂರುಗಳನ್ನು ಹೆಕ್ಕಲು ಮಗುವಿಗೆ ಕಲಿಸೋಣ. ಫೋನ್ ಬಾರದ್ದೂ ನಿಜ, ನಾವೇ ಒಮ್ಮೆ ಕರೆ ಮಾಡೋಣ. ಕಂಡದ್ದಕ್ಕೆ ತೀರ್ಪು ಸಾಕು, ಕಾಣದ ಹೃದಯಕ್ಕೆ ಶಿಕ್ಷೆ ಬೇಡ.

ಮಗಳಿಗೂ ಒಂದು ಮಾತು ಹೇಳಬಹುದು: “ನೀನು ಬೇಕೆಂದು ಮಾಡಲಿಲ್ಲವೆಂದು ಅಲ್ಲಾಹನಿಗೆ ಗೊತ್ತು. ಆದರೆ ಬಿದ್ದವಳಿಗೆ ನೋವಾಗಿದೆಯಲ್ಲ? ನಾಳೆ ಹೋಗಿ ಅವಳನ್ನು ವಿಚಾರಿಸು.”