ಕೌಟಿಲ್ಯನನ್ನು ಕೋಷ್ಟಕಕ್ಕೆ ಇಳಿಸುವುದು

ಆದಾಯ ಇಷ್ಟಿದ್ದು ಹಳೆಯ ಬಾಕಿ ಇಲ್ಲದಿದ್ದರೆ ಇಷ್ಟು ಸಾಲ ಕೊಡು. ಇಂಥ ‘ಹೀಗಿದ್ದರೆ ಹೀಗೆ’ ಸಾಲುಗಳನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಜೋಡಿಸಿದರೆ ಅದು ನಿರ್ಧಾರ ಕೋಷ್ಟಕ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಕಡತ ಯಾರ ಮೇಜಿಗೆ ಎಂದು ಬಾಣ ಎಳೆದು ತೋರಿಸಿದರೆ ಅದು ಪ್ರಕ್ರಿಯಾ ಮಾದರಿ. ಕೋಷ್ಟಕ ಬರೆಯುವುದಕ್ಕೆಂದೇ ‘ಡಿಎಂಎನ್’ ಎಂಬ ಮಾನದಂಡ 2015ರಲ್ಲಿ ಬಂತು. ವ್ಯಾಖ್ಯೆ ಇಷ್ಟು ಸಾಕು.

ಹಳೆಯ ರಾಜನೀತಿ ಗ್ರಂಥಗಳನ್ನೂ ಹೀಗೆ ಇಳಿಸಬಹುದೇ? ಎಲ್ಲವನ್ನೂ ಅಲ್ಲ. ಆದರೆ ಕೌಟಿಲ್ಯನ ಅರ್ಥಶಾಸ್ತ್ರ ಇದಕ್ಕಾಗಿಯೇ ಕಾದು ಕುಳಿತಂತಿದೆ. 15 ಅಧಿಕರಣ (ಭಾಗ), 150 ಅಧ್ಯಾಯ, 180 ಪ್ರಕರಣ (ವಿಷಯ). ಅಂಗಡಿಯ ಲೆಕ್ಕದ ಪುಸ್ತಕದಂತೆ ಅಚ್ಚುಕಟ್ಟು. (ಕಳೆದೇಹೋಯಿತೆಂದುಕೊಂಡಿದ್ದ ಈ ಗ್ರಂಥದ ತಾಳೆಗರಿ 1905ರಲ್ಲಿ ಸಿಕ್ಕಿದ್ದು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ, ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ. 1909ರಲ್ಲಿ ಅವರೇ ಅಚ್ಚು ಹಾಕಿಸಿದರು. ಇದನ್ನು ಹೇಳದೆ ಮುಂದೆ ಹೋಗಲು ನನ್ನಿಂದಾಗದು!)

ಪ್ರಕ್ರಿಯೆಗೆ ಒಂದು ಉದಾಹರಣೆ ಎರಡನೆಯ ಅಧಿಕರಣದಲ್ಲಿದೆ. ಲೆಕ್ಕದ ವರ್ಷ 354 ದಿನ. ಆಷಾಢದ ಹುಣ್ಣಿಮೆಗೆ ಮುಕ್ತಾಯ. ಲೆಕ್ಕಿಗರು ಮುದ್ರೆ ಹಾಕಿದ ಪುಸ್ತಕಗಳನ್ನೂ ಉಳಿಕೆ ಹಣವನ್ನೂ ತರಬೇಕು. ತಂದವರನ್ನು ಒಂದೆಡೆ, ಪರಸ್ಪರ ಮಾತಾಡದಂತೆ ಇರಿಸಬೇಕು. ಆಯ, ವ್ಯಯ, ಉಳಿಕೆಗಳ ಮೊತ್ತ ಕೇಳಿದ ಮೇಲೆಯೇ ಹಣ ಒಪ್ಪಿಸಿಕೊಳ್ಳಬೇಕು. ನಾಲ್ಕು ಚೌಕ, ಮೂರು ಬಾಣ, ನಕ್ಷೆ ಸಿದ್ಧ.

ನಿರ್ಧಾರದ ವಿಷಯ ಇಷ್ಟು ಸುಲಭವಲ್ಲ. ಏಳನೆಯ ಅಧಿಕರಣದ ‘ಷಾಡ್ಗುಣ್ಯ’ವನ್ನು, ಅಂದರೆ ಬೇರೆ ರಾಜರೊಡನೆ ನಡೆದುಕೊಳ್ಳುವ ಆರು ‘ಗುಣ’ ಅಥವಾ ನೀತಿಗಳನ್ನು, ಒಂದು ಹಾಳೆಯ ಮೇಲೆ ಬರೆಯಿರಿ:

ಎದುರಾಳಿಗಿಂತ ಬಲ ಕಡಿಮೆಯಿದ್ದರೆ: ಸಂಧಿ.
ಹೆಚ್ಚಿದ್ದರೆ: ವಿಗ್ರಹ, ಅಂದರೆ ಹಗೆತನ.
ಇಬ್ಬರೂ ಒಬ್ಬರನ್ನೊಬ್ಬರು ಕೆಡಿಸಲಾರದಿದ್ದರೆ: ಆಸನ, ಸುಮ್ಮನಿರುವುದು.
ಗುಣಸಂಪತ್ತು ಅತಿಶಯವಾಗಿದ್ದರೆ: ಯಾನ, ದಂಡೆತ್ತಿ ಹೋಗುವುದು.
ಶಕ್ತಿಯೇ ಇಲ್ಲದಿದ್ದರೆ: ಸಂಶ್ರಯ, ಇನ್ನೊಬ್ಬರ ಆಸರೆ.
ನೆರವಿದ್ದರೆ ಕೆಲಸ ಕೈಗೂಡುವಂತಿದ್ದರೆ: ದ್ವೈಧೀಭಾವ, ಒಬ್ಬನೊಡನೆ ಸಂಧಿ, ಮತ್ತೊಬ್ಬನೊಡನೆ ವಿಗ್ರಹ.

‘ಆರು ಸಾಲು, ಮುಗಿಯಿತಲ್ಲ’ ಎಂದು ಹೆಚ್ಚಿನವರು ಪೆನ್ನು ಕೆಳಗಿಡುವುದು ಇಲ್ಲೇ. ಎಡವುವುದೂ ಇಲ್ಲೇ. ಶಕ್ತಿಯಿಲ್ಲದ ರಾಜ ಬಲದಲ್ಲಿ ಕಡಿಮೆಯವನೂ ಹೌದು. ಅವನಿಗೆ ಮೊದಲ ಸಾಲೋ ಐದನೆಯದೋ? ಎರಡೂ ಹೊಂದುತ್ತವೆ. ಇದನ್ನು ಬಗೆಹರಿಸಲು ಕೋಷ್ಟಕಕ್ಕೆ ‘ಹಿಟ್ ಪಾಲಿಸಿ’ ಬೇಕು: ಒಂದೇ ಸಾಲು ಹೊಂದಬೇಕೇ, ಮೇಲಿನದಕ್ಕೆ ಮಣೆಯೇ, ಆದ್ಯತೆಯ ಪಟ್ಟಿಯೇ? ಕೌಟಿಲ್ಯ ಈ ಕಡೆಗೂ ಗಮನ ಕೊಟ್ಟಿದ್ದಾನೆ. ಸಂಧಿ, ವಿಗ್ರಹಗಳಲ್ಲಿ ಲಾಭ ಸಮವಾದರೆ ಸಂಧಿಯೇ ಲೇಸು, ಏಕೆಂದರೆ ವಿಗ್ರಹದಲ್ಲಿ ಜನರ ಹಾನಿ, ಹಣದ ಖರ್ಚು, ಮನೆ ಬಿಟ್ಟ ವಾಸ, ವಿಘ್ನ ಎಲ್ಲ ಉಂಟು ಎನ್ನುತ್ತಾನೆ. ಸಂಶ್ರಯಕ್ಕಿಂತ ದ್ವೈಧೀಭಾವ ಮೇಲು, ಆಸರೆ ಬೇಡಿದವನು ಪರರ ಕೆಲಸ ಮಾಡಿಕೊಂಡಿರಬೇಕಾಗುತ್ತದೆ ಎಂದೂ ಹೇಳುತ್ತಾನೆ. ಆದರೆ ಸಂಧಿಯನ್ನೂ ಸಂಶ್ರಯವನ್ನೂ ಅಲ್ಲಿ ಎದುರುಬದುರು ನಿಲ್ಲಿಸಿಲ್ಲ. ಆ ಅಂಚನ್ನು ನಾವು ತುಂಬಿದರೆ ಅದು ನಮ್ಮ ತೀರ್ಮಾನ, ಗ್ರಂಥದ್ದಲ್ಲ. ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ.

ಇನ್ನೊಂದು ಗುಂಡಿ ಎಡಗಡೆಯ ಕಾಲಮ್ಮಿನಲ್ಲಿದೆ. ‘ಬಲ ಕಡಿಮೆ’ ಎಂದರೆ ಯಾವ ಬಲ? ಮಂತ್ರಶಕ್ತಿ ಅಂದರೆ ಆಲೋಚನೆ, ಪ್ರಭುಶಕ್ತಿ ಅಂದರೆ ಭಂಡಾರ-ಸೇನೆ, ಉತ್ಸಾಹಶಕ್ತಿ ಅಂದರೆ ಪರಾಕ್ರಮ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟು ಕೂಡಿಬಿಡುವುದು ಎಲ್ಲರಿಗೂ ತೋಚುವ ದಾರಿ. ಇದೇ ಕ್ರಮದಲ್ಲಿ ಒಬ್ಬನಿಗೆ 4, 4, 9 ಎನ್ನಿ; ಮೊತ್ತ 17. ಇನ್ನೊಬ್ಬನಿಗೆ 7, 6, 3, ಮೊತ್ತ 16. ಕೂಡುವ ಯಂತ್ರ ಮೊದಲನೆಯವನನ್ನು ಗೆಲ್ಲಿಸುತ್ತದೆ. ಕೌಟಿಲ್ಯನ ಲೆಕ್ಕವೇ ಬೇರೆ: ಉತ್ಸಾಹಕ್ಕಿಂತ ಪ್ರಭುಶಕ್ತಿ ದೊಡ್ಡದು, ಅದಕ್ಕಿಂತ ಮಂತ್ರಶಕ್ತಿ ದೊಡ್ಡದು. ಆ ಕ್ರಮದಲ್ಲಿ ನೋಡಿದರೆ ಎರಡನೆಯವನೇ ಬಲಶಾಲಿ. ಒಂದು ಕೂಡುವ ಚಿಹ್ನೆ ಇಡೀ ರಾಜನೀತಿಯನ್ನು ತಲೆಕೆಳಗು ಮಾಡಿತು, ನೋಡಿ! ಅಂಕ ಕೊಡುವವರು ಯಾರು ಎಂಬ ಪ್ರಶ್ನೆ ಆಮೇಲಿನದು. ಅದಕ್ಕೆ ಗ್ರಂಥದಲ್ಲಿ ಗೂಢಚಾರರಿದ್ದಾರೆ.

ಗ್ರಂಥವನ್ನು ಯಂತ್ರಕ್ಕೆ ಕೊಟ್ಟರೆ ರಾಜನ ವಿವೇಚನೆಗೆ ಕೆಲಸವಿಲ್ಲ ಎಂದು ಹಲವರು ಹೆದರುತ್ತಾರೆ. ಮಾದರಿ ಕಟ್ಟಿ ನೋಡಿದವರಿಗೆ ಆ ಹೆದರಿಕೆ ಉಳಿಯುವುದಿಲ್ಲ. ಗದ್ಯದಲ್ಲಿ ಓದುವಾಗ ಜಾರಿಹೋಗುವ ಜಾಗಗಳಲ್ಲಿ ಕೋಷ್ಟಕ ನಮ್ಮನ್ನು ತಡೆದು, ಇಲ್ಲಿ ಯಾರೋ ಯೋಚಿಸಬೇಕು ಎನ್ನುತ್ತದೆ.

ಸಾರಾಂಶದ ಬದಲು ಒಂದು ವಿನಂತಿ. ವಾತವ್ಯಾಧಿ ಎಂಬ ಆಚಾರ್ಯನ ಪ್ರಕಾರ ಗುಣಗಳು ಆರಲ್ಲ, ಎರಡೇ: ಸಂಧಿ ಮತ್ತು ವಿಗ್ರಹ. ಕೌಟಿಲ್ಯ ಒಪ್ಪದಿದ್ದರೂ ಆ ಮತವನ್ನು ದಾಖಲಿಸಿದ. ನಮ್ಮ ಮಾದರಿಯಲ್ಲೂ ‘ಯಾರ ಮತ’ ಎಂಬ ಕಾಲಮ್ ಇರಲಿ. ಎಂಟನೆಯ ಅಧಿಕರಣದಲ್ಲಿ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ರಾಜ್ಯದ ಏಳು ಅಂಗಗಳಲ್ಲಿ ಯಾವುದರ ಆಪತ್ತು ಹೆಚ್ಚು ಘೋರ ಎಂಬ ದೊಡ್ಡ ವಾದವೇ ನಡೆದಿದೆ. ಸಂಸ್ಕೃತ ಬಲ್ಲವರೊಬ್ಬರು, ಪ್ರೋಗ್ರಾಂ ಬರೆಯಬಲ್ಲವರೊಬ್ಬರು ಒಂದೇ ಮೇಜಿಗೆ ಕೂತು ಅದನ್ನು ಬಿಡಿಸಿ. ಎರಡು ಬಣ್ಣದ ಶಾಯಿ ಮರೆಯಬೇಡಿ.