ಸ್ಪಂಜಿನೊಳಗಿನ ತಂತಿ ಲೆಕ್ಕ

ಹಾಸಿಗೆ ಅಂಗಡಿಗೆ ಹೋದವರೆಲ್ಲ ಮೊದಲು ಅಂಗೈ ಊರಿ ಒತ್ತಿ ನೋಡುತ್ತಾರೆ. ಆಮೇಲೆ ‘ಡೆನ್ಸಿಟಿ ಎಷ್ಟು?’ ಎನ್ನುತ್ತಾರೆ. 32 ಎಂದರೆ ಒಂದು ಘನ ಮೀಟರ್ ಫೋಮ್ 32 ಕಿಲೋ ತೂಗುತ್ತದೆ ಎಂದರ್ಥ. ಪಾಲಿಯುರೆಥೇನ್ ಗಾಳಿಯಿಲ್ಲದೆ ಗಟ್ಟಿಯಾಗಿ ತುಂಬಿದ್ದರೆ ಅಷ್ಟೇ ಜಾಗದಲ್ಲಿ ಸುಮಾರು 1,200 ಕಿಲೋ ತೂಗಬೇಕಿತ್ತು. ಅಂದಮೇಲೆ ನಾವು ದುಡ್ಡು ಕೊಟ್ಟು ಹೊತ್ತು ತರುವುದರಲ್ಲಿ ನೂರಕ್ಕೆ 97 ಪಾಲು ಗಾಳಿ! ಉಳಿದ ಮೂರು ಪಾಲು ಮೈಭಾರ ತಾಳುವುದು ಹೇಗೆಂದು ಲೆಕ್ಕ ಕಟ್ಟುವವರದ್ದೇ ಒಂದು ಕಸುಬಿದೆ.

ಉತ್ತರದ ಅರ್ಧ ಅಂಗೈಗೇ ಗೊತ್ತು. ಫೋಮ್ ನೂರಕ್ಕೆ ಐದರಷ್ಟು ಕುಗ್ಗುವತನಕ ಬಿಗಿ. ಆಮೇಲೆ ಹೆಚ್ಚು ಬಲ ಕೇಳದೆ ಕೈ ಇಳಿಯುತ್ತ ಹೋಗುತ್ತದೆ. ಕೊನೆಗೆ ಮತ್ತೆ ಗಟ್ಟಿ. ಭೂತಗನ್ನಡಿ ಹಿಡಿದರೆ ಒಳಗೆ ಕಾಣುವುದು ಮುಚ್ಚಿದ ಗುಳ್ಳೆಗಳಲ್ಲ, ಗುಳ್ಳೆ ಒಡೆದು ಉಳಿದ ಅಂಚಿನ ಎಳೆಗಳು. ಅವು ಮೊದಲು ಬಾಗುತ್ತವೆ, ಆಮೇಲೆ ಸೊಂಟ ಬಿದ್ದವರ ಹಾಗೆ ಕುಸಿಯುತ್ತವೆ, ಕಡೆಗೆ ಒಂದರ ಮೇಲೊಂದು ಒತ್ತರಿಸಿಕೊಳ್ಳುತ್ತವೆ.

ಪದಾರ್ಥದ ಚರಿತ್ರೆ ಚಿಕ್ಕದು. 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿ ಆಟೊ ಬಾಯರ್ ಮತ್ತು ಸಂಗಡಿಗರು ಪಾಲಿಯುರೆಥೇನ್ ತಯಾರಿಸಿದರು. (ಬಾಯರ್ ಕಂಪನಿ ಕಟ್ಟಿದ ಮನೆತನಕ್ಕೂ ಇವರಿಗೂ ನಂಟಿಲ್ಲ.) ಪಾಲಿಯುರೆಥೇನಿನ ಕಚ್ಚಾವಸ್ತುವಾದ ಐಸೊಸಯನೇಟಿಗೆ ನೀರು ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಮಿಶ್ರಣ ಉಬ್ಬುತ್ತದೆ.

ಲೆಕ್ಕದ ಕಥೆ ಮಾತ್ರ ಅದಕ್ಕಿಂತ ಐವತ್ತು ವರ್ಷ ಹಳೆಯದು. ನನ್ನನ್ನು ಈ ವಿಷಯಕ್ಕೆ ಎಳೆದದ್ದೂ ಅದೇ. 1887ರಲ್ಲಿ ಗ್ಲಾಸ್ಗೋದ ಪ್ರೊಫೆಸರ್ ವಿಲಿಯಂ ಥಾಮ್ಸನ್ನರಿಗೆ 63ರ ವಯಸ್ಸು. ಲಾರ್ಡ್ ಕೆಲ್ವಿನ್ ಆಗಲು ಇನ್ನೂ ಐದು ವರ್ಷವಿತ್ತು. ಬೆಳಕನ್ನು ಹೊತ್ತು ತರುವ ‘ಈಥರ್’ ಎಲ್ಲೆಡೆ ತುಂಬಿದೆ ಎಂಬುದು ಆಗಿನವರ ನಂಬಿಕೆ. ಅದು ನೊರೆಯಂತಿರಬಹುದೇ ಎಂದು ಇವರ ತರ್ಕ. ಹಾಗಾದರೆ ಜಾಗವನ್ನೆಲ್ಲ ಸಮಗಾತ್ರದ ಗೂಡುಗಳಾಗಿ ಹಂಚುವಾಗ ಗೋಡೆ ಅತಿ ಕಡಿಮೆ ಹಿಡಿಯುವ ಆಕಾರ ಯಾವುದು? ತಂತಿ ಬಗ್ಗಿಸಿ ಚೌಕಟ್ಟು ಕಟ್ಟಿದರು, ಸೋಪಿನ ನೀರಿಗೆ ಅದ್ದಿದರು, ಪೊರೆ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡಿದರು. ಆ ದಿನಗಳಲ್ಲಿ ಮನೆಗೆ ಬಂದ ಸೋದರಸೊಸೆ ಆಗ್ನೆಸ್ ಕಿಂಗ್‌ಗೆ ಬಾಗಿಲಲ್ಲೇ ಎದುರಾದದ್ದು, ಸೋಪು–ಗ್ಲಿಸರಿನ್ ಪಾತ್ರೆ ಹಿಡಿದು ನಿಂತ ಮಾವ! ಅಷ್ಟು ದೊಡ್ಡ ವಿಜ್ಞಾನಿ, ಮಕ್ಕಳಾಟದ ಸಾಮಾನು.

ಸಿಕ್ಕ ಆಕಾರಕ್ಕೆ ಹದಿನಾಲ್ಕು ಮುಖ: ಆರು ಚೌಕ, ಎಂಟು ಷಟ್ಕೋನ. ಅವರ ತಂತಿ ಮಾದರಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಳಿದಿದೆ. ಅದರ ಅಡ್ಡಹೆಸರು ‘ಕೆಲ್ವಿನ್ನರ ಹಾಸಿಗೆ ಸ್ಪ್ರಿಂಗು’. ಅದೇ 1887ರಲ್ಲಿ ಅಮೆರಿಕದಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ನಡೆಸಿದ ಪ್ರಯೋಗ ಈಥರ್‌ನ ಬುಡವನ್ನೇ ಅಲುಗಿಸಿತು. ಈಥರ್ ಹೋಯಿತು, ಗೂಡು ಉಳಿಯಿತು. 1993ರಲ್ಲಿ ಡಬ್ಲಿನ್ನಿನ ವೇರ್ ಮತ್ತು ಫೆಲನ್ ಇನ್ನೂ ನೂರಕ್ಕೆ 0.3ರಷ್ಟು ಗೋಡೆ ಉಳಿಸುವ ಜೋಡಣೆ ಕಂಡುಹಿಡಿದರು. ಬೀಜಿಂಗ್ ಒಲಿಂಪಿಕ್ಸ್‌ನ ಈಜುಕೊಳದ ಕಟ್ಟಡ ಅದನ್ನು ಅನುಸರಿಸಿದ್ದು. ಆದರೂ ಫೋಮ್ ಲೆಕ್ಕದವರು ಕೆಲ್ವಿನ್ ಗೂಡನ್ನು ಕೈಬಿಟ್ಟಿಲ್ಲ.

1959ರಲ್ಲಿ ಇಂಗ್ಲೆಂಡಿನ ಜೆಂಟ್ ಮತ್ತು ಥಾಮಸ್ ಫೋಮನ್ನು ಸಣ್ಣ ಎಳೆಗಳ ಜಾಲವೆಂದು ಬಗೆದು ಲೆಕ್ಕ ಹಾಕಿದರು. ಎಂಬತ್ತರ ದಶಕದಲ್ಲಿ ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ, ಎಳೆ ಬಾಗುವುದೇ ಮುಖ್ಯವೆಂದು ಹಿಡಿದು ಒಂದು ಸರಳ ಸೂತ್ರ ಕೊಟ್ಟರು: ಡೆನ್ಸಿಟಿ ಅರ್ಧಕ್ಕಿಳಿದರೆ ಬಿಗಿ ಕಾಲು ಪಾಲಿಗೆ ಇಳಿಯುತ್ತದೆ. ಎಳೆಯ ರಸಾಯನ ಒಂದೇ ಇದ್ದರೆ ಮಾತ್ರ ಈ ಮಾತು. ರಸಾಯನ ಬದಲಿಸಿದರೆ 32ರಲ್ಲೇ ಮೆತ್ತನೆಯದೂ ಸಿಗುತ್ತದೆ, ಗಟ್ಟಿಯದೂ ಸಿಗುತ್ತದೆ. ಅಂಗಡಿಯಲ್ಲಿ ಕೇಳುವ ಆ ಒಂದು ಸಂಖ್ಯೆಯಿಂದ ಗಟ್ಟಿತನ ತಿಳಿಯುವುದಿಲ್ಲ.

ಅದಕ್ಕೇ ಪರೀಕ್ಷೆ. 200 ಮಿಲಿಮೀಟರ್ ಅಗಲದ ದುಂಡು ತಟ್ಟೆಯಿಂದ ಫೋಮನ್ನು ದಪ್ಪದ ನೂರಕ್ಕೆ 70ರಷ್ಟು ಮೂರು ಸಲ ಅದುಮಿ ಬಿಡುತ್ತಾರೆ. ಹೊಸ ಫೋಮ್ ಮೊದಲ ಒತ್ತಿಗೆ ತೋರುವ ಬಿಗುಮಾನ ಆಮೇಲೆ ಇರುವುದಿಲ್ಲ! ನಂತರ 40ಕ್ಕೆ ಅದುಮಿ 30 ಸೆಕೆಂಡು ಹಿಡಿದು ಬಲ ಓದುತ್ತಾರೆ. ಹಿಡಿದಷ್ಟು ಹೊತ್ತೂ ಬಲ ಸೋರುತ್ತಿರುತ್ತದೆ. ಬಿಡುವಾಗ ಬಂದ ದಾರಿಯಲ್ಲೇ ಮರಳುವುದೂ ಇಲ್ಲ. ಇದನ್ನೆಲ್ಲ ಒಂದೇ ಸಮೀಕರಣಕ್ಕೆ ಒಗ್ಗಿಸುವುದೇ ತಲೆನೋವು. ಇಂದಿನ ತಂತ್ರಾಂಶಗಳು ನಾಲ್ಕಾರು ಗುಣಾಂಕ ಹೊಂದಿಸಿ ಬಲ–ಕುಗ್ಗುವಿಕೆಯ ಗೆರೆಯನ್ನು ಚೆನ್ನಾಗಿಯೇ ಕೂಡಿಸುತ್ತವೆ. ಆ ಗುಣಾಂಕಗಳಲ್ಲಿ ಎಳೆ ಎಲ್ಲಿದೆ, ಬಾಗಿದ್ದು ಯಾವುದು ಎಂದು ಕೇಳಿದರೆ ಉತ್ತರವಿಲ್ಲ. ನನಗೆ ತಂತಿಯೇ ಇಷ್ಟ.

1987ರಲ್ಲಿ ಅಯೋವಾ ವಿಶ್ವವಿದ್ಯಾಲಯದ ರೊಡೆರಿಕ್ ಲೇಕ್ಸ್ ಮಾಡಿದ್ದೂ ಕೈಕೆಲಸವೇ. ಫೋಮ್ ತುಂಡೊಂದನ್ನು ಮೂರೂ ದಿಕ್ಕಿನಿಂದ ಅದುಮಿ ಅಚ್ಚಿಗೆ ತುರುಕಿ, 160 ಡಿಗ್ರಿ ದಾಟಿಸಿ ಕಾಯಿಸಿ, ಆರಿಸಿ ತೆಗೆದರು. ಎಳೆಗಳು ಒಳಮುಖವಾಗಿ ಮಡಚಿ ನಿಂತವು. ಉದ್ದಕ್ಕೆ ಎಳೆದರೆ ತೆಳ್ಳಗಾಗುವ ಬದಲು ಆ ಫೋಮ್ ಅಗಲವಾಯಿತು! ಅಚ್ಚು, ಓವನ್ನು, ಹೊಗೆ ಹೊರಹಾಕಲು ಒಂದು ಫ್ಯಾನು ಇದ್ದರೆ ನಮ್ಮ ಊರಿನ ಬಿಎಸ್ಸಿ ಲ್ಯಾಬಿನಲ್ಲೂ ಇದನ್ನು ಮಾಡಿ ತೋರಿಸಬಹುದಿತ್ತು.