ಮೊಗ್ಗಿನ ತಂಪು, ಅರಳಿದ ಬಿಸುಪು

ಸಂಜೆ ಹೂವಿನ ಬುಟ್ಟಿಯಲ್ಲಿರುವ ಮಲ್ಲಿಗೆ ಮೊಗ್ಗಿಗೆ ನೀರು ಚಿಮುಕಿಸಿದ ಎಳೆ ಹಸಿರಿನ ತಂಪು ವಾಸನೆಯಿರುತ್ತದೆ. ಅದೇ ಮೊಗ್ಗು ರಾತ್ರಿ ದಂಡೆಯಲ್ಲಿ ಬಿರಿದಾಗ ಪರಿಮಳ ದಟ್ಟವಾಗಿ, ಬೆಚ್ಚಗಾಗಿ, ಬೆಳಗಿನವರೆಗೂ ಮುಡಿಯಲ್ಲಿ ಉಳಿಯುತ್ತದೆ. ಮಲ್ಲಿಗೆ, ಸುಗಂಧರಾಜ, ಕಿತ್ತಳೆ ಹೂಗಳನ್ನು ಆಧರಿಸಿದ ಸೆಂಟುಗಳನ್ನು ‘ಬಿಳಿ ಹೂವಿನ’ ಬಗೆ ಎಂದು ಕರೆಯುತ್ತಾರೆ. ಅವುಗಳಲ್ಲಿ ತಾಜಾತನ ಮತ್ತು ಬಿಸುಪು ಸಮತೋಲದಲ್ಲಿವೆ ಎಂದಾಗ ತಕ್ಕಡಿ ಕಣ್ಣಿಗೆ ಬರುತ್ತದೆ: ಒಂದು ತಟ್ಟೆಗೆ ನಿಂಬೆ, ಇನ್ನೊಂದಕ್ಕೆ ಗಂಧ. ಸೆಂಟು ಬೆರೆಸುವ ಕಸುಬಿಗೆ ಆ ಚಿತ್ರ ಒಪ್ಪುವುದಿಲ್ಲ. ಇಲ್ಲಿ ಸರಿದೂಗಿಸಬೇಕಾದದ್ದು ತೂಕವನ್ನಲ್ಲ, ಹೊತ್ತನ್ನು. ಮೊದಲ ಪರಿಮಳ ಹೊರಡುವ ಮುನ್ನವೇ ಮುಂದಿನದು ಬಂದು ಕೂಡಿಕೊಂಡಿರಬೇಕು.

ಇದಕ್ಕೆ ಪುರಾವೆ ಹೂವಿನೊಳಗೇ ಇದೆ. ಮಲ್ಲಿಗೆಯ ಸಾರದಲ್ಲಿ ಹಣ್ಣಿನ ಸಿಹಿಯಿರುವ ಬೆಂಜೈಲ್ ಅಸಿಟೇಟ್, ಹಗುರ ಹೂಗಂಪಿನ ಲಿನಲೂಲ್, ಅವುಗಳ ಜೊತೆ ಅಲ್ಪ ಪ್ರಮಾಣದ ಇಂಡೋಲ್ ಇರುತ್ತವೆ. ಲಿನಲೂಲ್ ಕುದಿಯುವುದು ಸುಮಾರು 198 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೆಂಜೈಲ್ ಅಸಿಟೇಟ್ ಸುಮಾರು 213ರಲ್ಲಿ, ಇಂಡೋಲ್ ಸುಮಾರು 254ರಲ್ಲಿ. ಚರ್ಮದ ಮೇಲೆ ಯಾವುದೂ ಕುದಿಯುವುದಿಲ್ಲ, ನಿಜ. ಆದರೂ ಯಾವುದು ಬೇಗ ಆರುತ್ತದೆ, ಯಾವುದು ನಿಲ್ಲುತ್ತದೆ ಎಂಬುದಕ್ಕೆ ಈ ಅಂಕಿಗಳು ಸುಳಿವು ಕೊಡುತ್ತವೆ. ಹೂವಿನಲ್ಲಿ ಮೊದಲಿನಿಂದಲೂ ತಾಜಾತನ, ಬಿಸುಪು ಎರಡೂ ಇದ್ದವು. ಒಂದು ಮುಂದೆ ನಡೆಯುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ.

ಇಂಡೋಲ್ ಬಗ್ಗೆ ಒಂದು ಆಕ್ಷೇಪವಿದೆ. ಶುದ್ಧ ರೂಪದಲ್ಲಿ ಅದು ನುಸಿಗುಳಿಗೆಯಂತೆ ನಾರುತ್ತದೆ. ಮಲದ ವಾಸನೆಯಲ್ಲೂ ಅದರ ಪಾಲಿದೆ. ಹಾಗಿದ್ದರೆ ಅದನ್ನು ತೆಗೆದುಬಿಡಬಾರದೇಕೆ? ತೆಗೆದು ಮಾಡುವವರಿದ್ದಾರೆ, ಸಿಗುವುದು ಚೊಕ್ಕ ಪರಿಮಳವೇ. ಆದರೆ ಅದು ಸಾಬೂನಿನ ಮಲ್ಲಿಗೆ. ಬಿರಿದ ಹೂವಿನ ಮೈ ಅದಕ್ಕಿಲ್ಲ. ಒಗ್ಗರಣೆಯ ಇಂಗನ್ನು ಬರಿದೇ ಮೂಸಿದರೆ ಮುಖ ಸಿಂಡರಿಸುತ್ತೇವೆ, ಸಾರಿನಲ್ಲಿ ಅದಿಲ್ಲದಿದ್ದರೆ ಏನೋ ಕಡಿಮೆಯಾಯಿತು ಅನ್ನಿಸುತ್ತದೆ. ಇಂಡೋಲ್‌ನ ಕೆಲಸವೂ ಅಂಥದ್ದೇ. 1948ರಲ್ಲಿ ಜೆರ್ಮೇನ್ ಸೆಲಿಯೆ ರೂಪಿಸಿದ ‘ಫ್ರಾಕಾ’ ಎಂಬ ಸೆಂಟು ಸುಗಂಧರಾಜದ ಈ ದಟ್ಟತನವನ್ನು ಮುಚ್ಚಿಡದೆಯೇ ಹೆಸರಾಯಿತು.

ಹೂವಿನ ಬಿಸುಪೊಂದೇ ದಿನವಿಡೀ ಸಾಲದು, ಕೆಳಗೊಂದು ನೆಲೆ ಬೇಕು. ಉತ್ತರ ಪ್ರದೇಶದ ಕನ್ನೌಜ್‌ನ ಅತ್ತರು ಕುಶಲಿಗಳು ಇದನ್ನು ಬಲು ಹಿಂದೆಯೇ ಕಂಡುಕೊಂಡಿದ್ದರು. ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂ ಮತ್ತು ನೀರು ಕಾಯುತ್ತವೆ. ಹಬೆ ಬಿದಿರಿನ ಕೊಳವೆಯಲ್ಲಿ ಸಾಗಿ ಭಪ್ಕಾ ಎಂಬ ಪಾತ್ರೆಯಲ್ಲಿ ತಣಿಯುತ್ತದೆ. ಸಾಂಪ್ರದಾಯಿಕವಾಗಿ ಆ ಪಾತ್ರೆಯಲ್ಲಿ ಹೂಗಂಪನ್ನು ಹೀರಲು ಕಾದಿರುವುದು ಗಂಧದೆಣ್ಣೆ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದ ಮೇಲೆ ಜಗತ್ತಿನ ಸುಗಂಧೋದ್ಯಮಕ್ಕೆ ಇನ್ನಷ್ಟು ಪರಿಚಿತವಾದದ್ದು ಇದೇ ಎಣ್ಣೆ. ಅದರ ಮುಖ್ಯ ಅಂಶ ಸ್ಯಾಂಟಲಾಲ್ ತೀರ ನಿಧಾನವಾಗಿ ಆರುವಂಥದ್ದು, ಹಾಲಿನಂಥ ಮೆದು ವಾಸನೆಯದು. ಅದು ಹೂವನ್ನು ತುಳಿಯದೆ ಹೊತ್ತು ನಿಲ್ಲುತ್ತದೆ.

ತಾಜಾತನ ಹಾರಿಹೋಗುವ ಗುಣದ್ದೇ ಆದರೆ ಕೊನೆಗೆ ಗೆಲ್ಲುವುದು ಬಿಸುಪೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಬರೀ ನಿಂಬೆ, ಬರ್ಗಮಾಟ್‌ಗಳನ್ನು ನಂಬಿದರೆ ಹಾಗೇ ಆಗುತ್ತದೆ. ಆದರೆ ಮಲ್ಲಿಗೆಯ ಅಧ್ಯಯನದಿಂದಲೇ ಹುಟ್ಟಿದ ಹೆಡಿಯೋನ್ ಎಂಬ ಅಣು ಈ ಲೆಕ್ಕವನ್ನು ಬದಲಿಸಿತು. 1966ರಲ್ಲಿ ಎಡ್ಮಂಡ್ ರೂಡ್ನಿಟ್ಸ್ಕಾ ‘ಓ ಸೊವಾಜ್’ ಎಂಬ ಸೆಂಟಿನಲ್ಲಿ ಬಳಸಿದ ಈ ಅಣು ಗಾಳಿಯಾಡುವಂಥ ಹಗುರ ವಾಸನೆಯದು, ಆದರೂ ಬೇಗ ಹೋಗುವುದಿಲ್ಲ. ಲ್ಯಾಬಿನಲ್ಲಿ ತಯಾರಾದದ್ದು ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಅನ್ಯಾಯ. ಹೂವಿಗೇ ಇದ್ದ ತಂಪನ್ನು ಅದು ಇನ್ನಷ್ಟು ಹೊತ್ತು ಹಿಡಿದಿಡುತ್ತದೆ. ಆದ್ದರಿಂದ ಅಂಗಡಿಯ ಕಾಗದದ ಪಟ್ಟಿಯನ್ನು ಒಮ್ಮೆ ಮೂಸಿ ಬಿಳಿ ಹೂವಿನ ಸೆಂಟನ್ನು ಅಳೆಯಲಾಗದು. ಮುಂಗೈಗೆ ಹಚ್ಚಿ ನಾಲ್ಕೈದು ಗಂಟೆ ಬಿಡಬೇಕು. ಗಂಧದ ಬೆಚ್ಚಗಿನ ನೆಲೆಯ ಮೇಲೆ ಆಗಲೂ ಮೊಗ್ಗಿನ ತಂಪು ಸುಳಿದರೆ, ಅದನ್ನು ಬೆರೆಸಿದ ಕೈಗೆ ಮಲ್ಲಿಗೆಯ ರಾತ್ರಿ ಗೊತ್ತಿತ್ತು ಎಂದೇ ಅರ್ಥ.